ಹೊರರೋಗಿಗೆ ಒದಗದ ಕಾರ್ಡು

ಥೈರಾಯ್ಡ್ ತೊಂದರೆಯೋ ಸಕ್ಕರೆ ಕಾಯಿಲೆಯೋ ಇರುವವರು ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ‘ಹಾರ್ಮೋನು ತಜ್ಞರಿಗೆ ಒಮ್ಮೆ ತೋರಿಸಿ’ ಎಂದು ನಿಮ್ಮ ವೈದ್ಯರು ಚೀಟಿ ಬರೆದುಕೊಡುತ್ತಾರೆ. ಕೈಯಲ್ಲಿ ಆಯುಷ್ಮಾನ್ ಕಾರ್ಡು ಇದೆಯೆಂಬ ಧೈರ್ಯದಿಂದ ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗುತ್ತೀರಿ. ‘ಇದು ಓಪಿಡಿಗೆ ನಡೆಯುವುದಿಲ್ಲ’ ಎನ್ನುತ್ತಾನೆ ಕೌಂಟರಿನಾತ. ಅವನ ಮೇಲೆ ರೇಗಿ ಫಲವಿಲ್ಲ. ಅವನು ಹೇಳಿದ್ದು ನಿಜ.

ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆ ಬಂದದ್ದು 2018ರಲ್ಲಿ. ನಮ್ಮ ರಾಜ್ಯ ಅದೇ ವರ್ಷ ತನ್ನ ಆರೋಗ್ಯ ಕರ್ನಾಟಕವನ್ನು ಅದರೊಡನೆ ಬೆಸೆಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಗೊತ್ತುಪಡಿಸಿದ ದರದ ಶೇ 30 ಭಾಗ, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ದೊಡ್ಡ ಮೊತ್ತವೇ. ಆದರೆ ಇದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗಾಗಿ ಇಟ್ಟ ಹಣ.

ನಿರ್ನಾಳ ಗ್ರಂಥಿಗಳ ಕಾಯಿಲೆಗೆ ಹಾಸಿಗೆ ಬೇಕಾಗುವುದು ಅಪರೂಪ. ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಿಸಿದರೆ 6ರಿಂದ 8 ವಾರ ಕಳೆದು ಮತ್ತೆ ರಕ್ತ ನೋಡಬೇಕು. ಸಕ್ಕರೆ ಹತೋಟಿಗೆ ಬಾರದವರಿಗೆ ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಪರೀಕ್ಷೆ ಆಗಬೇಕು. ತಜ್ಞರ ಕೆಲಸವೆಲ್ಲ ಮೇಜಿನ ಆಚೆ ಈಚೆ ಕುಳಿತು, ಮಾತಾಡಿ, ವರದಿ ನೋಡಿ ಮುಗಿಯುವಂಥದ್ದು. ಇದಕ್ಕೆ ಯೋಜನೆಯಲ್ಲಿ ಕಾಸಿಲ್ಲ. ಸಕ್ಕರೆ ಏರಿ, ಕಾಲಿನ ಹುಣ್ಣು ಕೊಳೆತು, ಕಾಲನ್ನೇ ಕತ್ತರಿಸಬೇಕಾಗಿ ಬಂದಾಗ ಮಾತ್ರ ಅದೇ ಕಾರ್ಡು ಚಲಾವಣೆಗೆ ಬರುತ್ತದೆ! ಕಾಲು ಉಳಿಸುವ ಸಲಹೆಗೆ ದುಡ್ಡಿಲ್ಲ, ತೆಗೆಯುವುದಕ್ಕಿದೆ. ಇದನ್ನು ಲೆಕ್ಕಾಚಾರದ ದೃಷ್ಟಿಯಿಂದಲೂ ಜಾಣತನ ಎನ್ನಲಾಗದು.

ಹಾಗಾದರೆ ನೀವು ಮಾಡಬೇಕಾದುದೇನು? ತಜ್ಞರು ನಿಜವಾಗಿ ಬೇಕೇ ಎಂದು ಮೊದಲು ಕೇಳಿ. ಸಾಮಾನ್ಯ ಥೈರಾಯ್ಡ್ ಕೊರತೆ, ಮಾತ್ರೆಗೆ ಬಗ್ಗುವ ಸಕ್ಕರೆ ಕಾಯಿಲೆ ಇವನ್ನು ತಾಲ್ಲೂಕು ಆಸ್ಪತ್ರೆಯ ಫಿಜಿಷಿಯನ್ನರೇ ಚೆನ್ನಾಗಿ ನೋಡಬಲ್ಲರು. ಥೈರಾಯ್ಡ್ ಮಾತ್ರೆಯೂ ಇನ್ಸುಲಿನ್ನೂ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ; ಸರಕಾರಿ ಔಷಧಾಲಯದಲ್ಲಿ ಕೇಳಿ ಪಡೆಯಲು ಸಂಕೋಚ ಬೇಡ. ಮಗು ವಯಸ್ಸಿಗೆ ತಕ್ಕಂತೆ ಬೆಳೆಯದಿದ್ದರೆ, ಎಳೆಯ ವಯಸ್ಸಿನಲ್ಲೇ ಇನ್ಸುಲಿನ್ ಬೇಕಾಗಿದ್ದರೆ, ಪಿಟ್ಯುಟರಿ ಅಥವಾ ಅಡ್ರಿನಲ್ ಗ್ರಂಥಿಯಲ್ಲಿ ದೋಷ ಕಂಡಿದ್ದರೆ ಮಾತ್ರ ತಜ್ಞರನ್ನು ಬಿಟ್ಟು ಬೇರೆ ದಾರಿಯಿಲ್ಲ.

ಅಂಥವರು ಖಾಸಗಿ ಪಟ್ಟಿ ಹಿಡಿದು ಅಲೆಯುವ ಬದಲು ಸರಕಾರಿ ಸಂಸ್ಥೆಗೇ ಹೋಗುವುದು ಮೇಲು. ಬೆಂಗಳೂರಿನ ಜಯನಗರದಲ್ಲಿ, ಹಿಂದೆ ಮಧುಮೇಹ ಸಂಸ್ಥೆ ಎಂದಿದ್ದ, ರಾಜ್ಯ ಸರಕಾರದ ಎಂಡೋಕ್ರೈನಾಲಜಿ ಸಂಸ್ಥೆ ಇದೆ. ಬೆಂಗಳೂರಿನವರಿಗೇನೋ ಅನುಕೂಲ. ಬೀದರಿನ ತಾಯಿಯೊಬ್ಬಳು ಹತ್ತು ನಿಮಿಷದ ಸಲಹೆಗಾಗಿ ರಾತ್ರಿಯೆಲ್ಲ ಬಸ್ಸಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಬರಬೇಕು. ಜೊತೆಗೆ ಕೂಲಿಯ ನಷ್ಟ, ಊಟದ ಖರ್ಚು. ಜಿಲ್ಲಾ ಆಸ್ಪತ್ರೆಗೆ ವಾರಕ್ಕೊಂದು ದಿನವಾದರೂ ಈ ತಜ್ಞರು ಬರುವಂತಾಗಬೇಕು. ಹೊರರೋಗಿಯ ಸಲಹೆ, ರಕ್ತಪರೀಕ್ಷೆಗಳನ್ನೂ ಯೋಜನೆಗೆ ಸೇರಿಸಬೇಕು. ನಿಮ್ಮ ಶಾಸಕರು ಮತ ಕೇಳಲು ಬಂದಾಗ ರಸ್ತೆ, ಚರಂಡಿಯ ಜೊತೆ ಇದನ್ನೂ ಕೇಳಿ.

ಕಾರ್ಖಾನೆಯಲ್ಲಿ ದುಡಿಯುವವರ ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತಿದ್ದರೆ ಅವರ ಸ್ಥಿತಿ ಮೇಲು. ಆ ವಿಮೆ ಹೊರರೋಗಿ ಚಿಕಿತ್ಸೆಗೂ ಔಷಧಕ್ಕೂ ಅನ್ವಯಿಸುತ್ತದೆ, ಮನೆಯ ಅವಲಂಬಿತರಿಗೂ ಸಿಗುತ್ತದೆ. ಮೊದಲು ಡಿಸ್ಪೆನ್ಸರಿಗೆ ಹೋಗಿ ಅಲ್ಲಿಂದ ಮೇಲಿನ ಆಸ್ಪತ್ರೆಗೆ ಪತ್ರ ಬರೆಸಿಕೊಳ್ಳಬೇಕು. ಎಷ್ಟೋ ಮನೆಗಳಲ್ಲಿ ಇದು ತಿಳಿದೇ ಇಲ್ಲ.

ಥೈರಾಯ್ಡ್ ಗಂಟಿಗೋ ಪಿಟ್ಯುಟರಿ ಗಡ್ಡೆಗೋ ಶಸ್ತ್ರಚಿಕಿತ್ಸೆ ನಿಶ್ಚಯವಾದರೆ ಆಗ ಆಯುಷ್ಮಾನ್ ಕಾರ್ಡು ಹೊರತೆಗೆಯಿರಿ. ಮೊದಲು ಸರಕಾರಿ ಆಸ್ಪತ್ರೆಗೇ ಹೋಗಿ. ಅಲ್ಲಿ ಆಗದಿದ್ದರೆ ಅವರ ಶಿಫಾರಸು ಪತ್ರದೊಂದಿಗೆ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತುಸ್ಥಿತಿಗೆ ಆ ಪತ್ರ ಬೇಕಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವ ಮಗು ಪದೇ ಪದೇ ವಾಂತಿ ಮಾಡಿ, ಜೋರಾಗಿ ಉಸಿರಾಡುತ್ತ ಮಂಕಾದರೆ ಚೀಟಿಗಾಗಿ ಕಾಯದೆ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ. ತಜ್ಞರನ್ನು ಕಾಣುವುದು ಎಷ್ಟೇ ತಡವಾಗಲಿ, ಅಲ್ಲಿಯವರೆಗೆ ಆ ಮಗುವಿನ ಇನ್ಸುಲಿನ್ನನ್ನು ಒಂದು ದಿನವೂ ನಿಲ್ಲಿಸಬೇಡಿ.