ಊರು ಬಿಟ್ಟವರ ನೀರಿನ ಋಣ

ಸೂರತ್ತಿನ ಕತಾರ್‌ಗಾಮ್ ವಜ್ರಕ್ಕೆ ಸಾಣೆ ಹಿಡಿಯುವವರ ಬಡಾವಣೆ. ಅಲ್ಲಿ ದುಡಿಯುವವರಲ್ಲಿ ಬಹಳಷ್ಟು ಮಂದಿ ಸೌರಾಷ್ಟ್ರದ ಭಾವನಗರ, ಅಮ್ರೇಲಿ ಜಿಲ್ಲೆಗಳ ರೈತ ಮನೆತನದವರು. 1986ರ ಬರದಲ್ಲಿ ರಾಜಕೋಟ್ ನಗರಕ್ಕೆ ರೈಲಿನಲ್ಲಿ ಕುಡಿಯುವ ನೀರು ತರಿಸಬೇಕಾಗಿ ಬಂದ ಸೀಮೆ ಅದು. ಬಾವಿ ಬತ್ತಿದಾಗ ಮಕ್ಕಳು ತಾಪಿ ನದಿಯ ದಡದ ಈ ಪಟ್ಟಣಕ್ಕೆ ಬಂದರು. ಹೊರನಾಡಿನಲ್ಲಿ ನೆಲೆಸಿರುವ ನಾವು ಅವರಿಂದ ಕಲಿಯಬೇಕಾದ ಪಾಠವೊಂದಿದೆ.

ಆಗ ಭಾವನಗರ ಜಿಲ್ಲೆಗೆ ಸೇರಿದ್ದ ಖೋಪಾಲಾ ಗ್ರಾಮದಿಂದ ಬಂದು ಸೂರತ್ತಿನಲ್ಲಿ ವಜ್ರದ ಉದ್ಯಮಿಯಾದ ಮಥುರಭಾಯಿ ಸವಾನಿಯವರು 1990ರ ದಶಕದ ಕೊನೆಯಲ್ಲಿ ತಮ್ಮೂರಿನ ಹಳ್ಳಗಳಿಗೆ ಸಾಲುಸಾಲಾಗಿ ತಡೆ ಅಣೆಗಳನ್ನು ಕಟ್ಟಿಸುವ ಕಾರ್ಯಕ್ಕೆ ಮುಂದಾದರು. ಸೌರಾಷ್ಟ್ರ ಜಲಧಾರಾ ಟ್ರಸ್ಟಿನ ಮೂಲಕ ಆ ಕೆಲಸ ಬೇರೆ ಹಳ್ಳಿಗಳಿಗೂ ಹಬ್ಬಿತು. 2000ದ ಜನವರಿಯಲ್ಲಿ ಗುಜರಾತ್ ಸರ್ಕಾರ ಸರ್ದಾರ್ ಪಟೇಲರ ಹೆಸರಿನಲ್ಲಿ ಸಹಭಾಗಿ ಜಲಸಂಚಯ ಯೋಜನೆಯನ್ನು ಆರಂಭಿಸಿತು. ವೆಚ್ಚದಲ್ಲಿ ಶೇ. 60 ಸರ್ಕಾರದ್ದು, ಶೇ. 40 ಊರವರದು. ಗುತ್ತಿಗೆದಾರನ ಬದಲು ಫಲಾನುಭವಿಗಳೇ ಕಟ್ಟುವ ಹೊಣೆ ಹೊರಬೇಕಿತ್ತು. ಮೊದಲ ವರ್ಷದಲ್ಲೇ 10,000ಕ್ಕೂ ಹೆಚ್ಚು ಅಣೆಗಳು ಎದ್ದವು. ಊರಿನ ಪಾಲಿಗೆ ಸೂರತ್ತಿನ ದುಡಿಮೆಯೂ ಹರಿದು ಬಂತು.

ಇಲ್ಲಿ ಮೆಚ್ಚತಕ್ಕದ್ದು ದಾನದ ಮೊತ್ತವಲ್ಲ, ಪಾಲಿನ ತತ್ತ್ವ. ಬೇರೊಬ್ಬರ ಹಣದಿಂದಲೇ ಎದ್ದ ಕಟ್ಟೆ ಬಿರಿದರೆ ಊರು ಮತ್ತೊಬ್ಬ ದಾನಿಯ ದಾರಿ ಕಾಯುತ್ತದೆ. ತನ್ನ ಬೆವರೂ ಬೆರೆತ ಕಟ್ಟೆಯ ಬಿರುಕಿಗೆ ತಾನೇ ಮಣ್ಣು ಮೆತ್ತುತ್ತದೆ. ಸೌರಾಷ್ಟ್ರದ ಕಥೆಯೂ ಕಳಂಕರಹಿತವಲ್ಲ. ಮೇಲೆ ತಡೆದ ನೀರು ಕೆಳಗಿನ ಜಲಾಶಯಕ್ಕೆ ಇಳಿಯುವುದಿಲ್ಲವೆಂಬ ಆಕ್ಷೇಪ ತಜ್ಞರಿಂದ ಬಂದಿದೆ. ಹೂಳು ತೆಗೆಯದ ಅಣೆ ಕೆಲವೇ ವರ್ಷಗಳಲ್ಲಿ ಬರಿಯ ಗೋಡೆಯಾಗುತ್ತದೆ. ಬಾವಿಯಲ್ಲಿ ನೀರು ಏರಿದೊಡನೆ ಹೆಚ್ಚು ನೀರು ಬೇಡುವ ಬೆಳೆಗೆ ಕೈಯಿಟ್ಟರೆ ಗಳಿಸಿದ್ದೆಲ್ಲ ಪಂಪಿನ ಪಾಲು. ಆದುದರಿಂದ ಕಟ್ಟುವುದು ಅರ್ಧ ಕೆಲಸ. ಕಾಯುವುದು, ಹಂಚಿಕೊಳ್ಳುವುದು ಉಳಿದರ್ಧ.

ಈ ಉಳಿದರ್ಧವನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಕೆರೆ ಕಟ್ಟಿದವರಿಗೆ, ಅದನ್ನು ಕಾಪಾಡುವವರಿಗೆ ಬಿಟ್ಟ ಭೂಮಿಯನ್ನು ಕನ್ನಡ ಶಾಸನಗಳು ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಕರೆಯುತ್ತವೆ. ಪುಣ್ಯದ ಮಾತಿನ ಜೊತೆಗೆ ದುರಸ್ತಿಯ ಖರ್ಚಿಗೂ ದಾರಿಯಿತ್ತು. ಇಂದಿಗೂ ಕಾಸರಗೋಡಿನ ಏತಡ್ಕದಲ್ಲಿ ಅಡಿಕೆ ಕೃಷಿಕರು ಮಳೆಗಾಲ ಕಳೆದ ಮೇಲೆ ತೋಡಿಗೆ ಅಡ್ಡವಾಗಿ ಕಟ್ಟ ಹಾಕುತ್ತಾರೆ. ಪಡ್ರೆ ಗ್ರಾಮದ ಪತ್ರಕರ್ತ ಶ್ರೀಪಡ್ರೆಯವರು ಇಂಥ ಜಲವಿವೇಕವನ್ನು ದಶಕಗಳಿಂದ ಕನ್ನಡದಲ್ಲಿ ದಾಖಲಿಸುತ್ತ ಬಂದಿದ್ದಾರೆ. ವರ್ಷವರ್ಷವೂ ಹೊಸದಾಗಿ ಕಟ್ಟಬೇಕಾದ ಕಟ್ಟ, ವರ್ಷವರ್ಷವೂ ನೆರೆಹೊರೆಯವರನ್ನು ಒಂದುಗೂಡಿಸುತ್ತದೆ.

ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವ ನಡೆಸುತ್ತವೆ, ಭವನ ಕಟ್ಟುತ್ತವೆ, ಗ್ರಂಥಾಲಯ ತೆರೆಯುತ್ತವೆ. ಇವೆಲ್ಲ ಬೇಕು. ಆದರೆ ನುಡಿ ಬದುಕುವುದು ಅದನ್ನಾಡುವ ಊರು ಬದುಕಿದರೆ ತಾನೆ? ನೀರಿಲ್ಲದ ಊರು ಮೊದಲು ಬೆಳೆಯನ್ನು, ಬಳಿಕ ಮಕ್ಕಳನ್ನು, ಕೊನೆಗೆ ಮಾತನ್ನು ಕಳೆದುಕೊಳ್ಳುತ್ತದೆ. ಪ್ರತಿಯೊಂದು ಸಂಘವೂ ತನ್ನ ಸದಸ್ಯರ ಊರುಗಳಲ್ಲಿ ಒಂದು ಕೆರೆಯನ್ನೋ ಕಟ್ಟವನ್ನೋ ಆರಿಸಿಕೊಳ್ಳಲಿ. ಊರವರು ತಮ್ಮ ಪಾಲು ಹಾಕಿದ ಮೇಲಷ್ಟೇ ನಮ್ಮ ಪಾಲು ಸೇರಲಿ. ಕೆಳಗಿನ ಊರಿನವರನ್ನೂ ಕೇಳಿ ಕೆಲಸ ಆರಂಭವಾಗಲಿ. ಕೂಡಿದ ಹಣದ ಒಂದು ಭಾಗ ಹೂಳೆತ್ತುವುದಕ್ಕೆಂದೇ ಮೀಸಲಾಗಿರಲಿ. ಕಲ್ಲಿನ ಮೇಲೆ ನಮ್ಮ ಹೆಸರು ಬೇಡ. ಲೆಕ್ಕದ ಪುಸ್ತಕವೊಂದು ಊರಿನ ಪಂಚಾಯಿತಿಯಲ್ಲಿ ತೆರೆದಿರಲಿ, ಅಷ್ಟು ಸಾಕು.