ಬುದ್ಧಿವಾದ ಸಾಕು, ಪ್ರಶ್ನೆ ಕೇಳೋಣ



ನಮ್ಮ ಸಂಘದ ಸಭೆ ಹೇಗೆ ನಡೆಯುತ್ತದೆ ಎಂದು ಒಮ್ಮೆ ನೆನೆಸಿಕೊಳ್ಳಿ. ಚಾಪೆ ಹಾಸುತ್ತೇವೆ. ಹಾಜರಿ ಕರೆಯುತ್ತೇವೆ. ಉಳಿತಾಯದ ಹಣ ಎಣಿಸುತ್ತೇವೆ. ಸಾಲದ ಕಂತು ಬರೆಯುತ್ತೇವೆ. ಸಹಿಯೋ ಹೆಬ್ಬೆಟ್ಟೋ ಹಾಕಿ ಏಳುತ್ತೇವೆ. ಕಂತು ತಾರದವಳಿಗೆ ನಾಲ್ಕು ಮಾತು ಅನ್ನುತ್ತೇವೆ. ಆದರೆ ಅವಳು ಯಾಕೆ ತರಲಿಲ್ಲ ಎಂದು ಕೇಳಿದವರು ಎಷ್ಟು ಮಂದಿ? ಕೈಯ ಬಳೆ ಯಾಕೆ ಒಡೆದಿವೆ, ಸೆರಗಿನಿಂದ ಕೆನ್ನೆ ಯಾಕೆ ಮುಚ್ಚಿಕೊಂಡಿದ್ದಾಳೆ ಎಂದು ಕೇಳಿದವರು ಎಷ್ಟು ಮಂದಿ?

ಹತ್ತು ವರ್ಷ ಒಂದೇ ಚಾಪೆಯ ಮೇಲೆ ಕೂತು, ಪಕ್ಕದವಳ ಸಾಲ ಎಷ್ಟೆಂದು ಪೈಸೆ ಸಮೇತ ಗೊತ್ತಿದ್ದು, ಅವಳ ಸಂಕಟ ಏನೆಂದು ಗೊತ್ತಿಲ್ಲದಿದ್ದರೆ ಅದನ್ನು ಸಂಘ ಎನ್ನಬಹುದೇ? ಅದು ಬರೀ ಗಲ್ಲಾಪೆಟ್ಟಿಗೆ.

ಸಂಘ ಗಟ್ಟಿಯಾಗಬೇಕೆಂದು ನಮಗೆ ತರಬೇತಿ ಕೊಡುತ್ತಾರೆ. ದಾರದ ಉಂಡೆ ಎಸೆಯುವ ಆಟ ಆಡಿಸುತ್ತಾರೆ. ಒಂಟಿ ಕಟ್ಟಿಗೆ ಮುರಿಯುತ್ತದೆ, ಹೊರೆ ಮುರಿಯುವುದಿಲ್ಲ ಎಂದು ಕಥೆ ಹೇಳುತ್ತಾರೆ. ವಾರದ ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಲೆಕ್ಕಪುಸ್ತಕ ಎಂಬ ಪಂಚಸೂತ್ರ ಬಾಯಿಪಾಠ ಮಾಡಿಸುತ್ತಾರೆ. ಇದೆಲ್ಲ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ತರಬೇತಿ ಮುಗಿಸಿ ಮನೆಗೆ ಬಂದರೆ ಒಲೆಯೂ ಅದೇ, ಏಟೂ ಅದೇ. ದಡದ ಮೇಲೆ ಕೂತು ಈಜು ಕಲಿತವರು ಉಂಟೇ?

ನನ್ನ ಅಭಿಪ್ರಾಯ ಇಷ್ಟು. ಭಾಷಣದಿಂದ, ಆಟದಿಂದ ಸಂಘ ಗಟ್ಟಿಯಾಗುವುದಿಲ್ಲ. ಒಬ್ಬ ಸದಸ್ಯೆಯ ನಿಜವಾದ ಕಷ್ಟವನ್ನು ನಡುವೆ ಇಟ್ಟುಕೊಂಡು, ಬುದ್ಧಿ ಹೇಳದೆ ಪ್ರಶ್ನೆ ಕೇಳಿ, ಅವಳೇ ಒಂದು ಹೆಜ್ಜೆ ಇಟ್ಟು, ಮುಂದಿನ ವಾರ ಬಂದು ಏನಾಯಿತೆಂದು ಹೇಳಿದಾಗ ಸಂಘ ಗಟ್ಟಿಯಾಗುತ್ತದೆ. ಅವಳೂ ಕಲಿಯುತ್ತಾಳೆ, ಕೇಳಿದವರೂ ಕಲಿಯುತ್ತಾರೆ.

ಇದಕ್ಕೆ ದೊಡ್ಡ ಸಂಸ್ಥೆಗಳಲ್ಲಿ ಕ್ರಿಯಾ ಕಲಿಕೆ ಎಂಬ ಹೆಸರಿದೆ. ಇದನ್ನು ಬೆಳೆಸಿದವರು ಇಂಗ್ಲೆಂಡಿನ ರೆಜಿನಾಲ್ಡ್ ರೆವಾನ್ಸ್ (1907–2003). ಎರಡನೆಯ ಮಹಾಯುದ್ಧದ ನಂತರ ಅಲ್ಲಿನ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯಲ್ಲಿ ಅವರು ಶಿಕ್ಷಣದ ಹೊಣೆ ಹೊತ್ತಿದ್ದರು. ಗಣಿಗಳ ವ್ಯವಸ್ಥಾಪಕರಿಗೆ ಹೊರಗಿನ ಪಂಡಿತರಿಂದ ಪಾಠ ಹೇಳಿಸುವುದಕ್ಕಿಂತ, ಅವರನ್ನೇ ಚಿಕ್ಕ ಚಿಕ್ಕ ಗುಂಪಾಗಿ ಕೂರಿಸಿ, ತಮ್ಮ ತಮ್ಮ ಗಣಿಯ ತೊಡಕನ್ನು ಮುಂದಿಟ್ಟು ಒಬ್ಬರನ್ನೊಬ್ಬರು ಪ್ರಶ್ನಿಸುವಂತೆ ಮಾಡುವುದು ಮೇಲು ಎಂದು ಅವರು ಕಂಡುಕೊಂಡರು. ಹೇಳಿಸಿಕೊಂಡ ತಿಳಿವಳಿಕೆ ಒಂದು ಪಾಲು, ಪ್ರಶ್ನೆಯಿಂದ ಬಂದ ತಿಳಿವಳಿಕೆ ಇನ್ನೊಂದು ಪಾಲು, ಎರಡೂ ಕೂಡಿದರೆ ಕಲಿಕೆ ಎಂಬುದು ಅವರ ಲೆಕ್ಕ.

ಆದರೆ ಇದನ್ನು ಕಲಿಯಲು ನಾವು ಇಂಗ್ಲೆಂಡಿಗೆ ಹೋಗಬೇಕಿಲ್ಲ. ಕರ್ನಾಟಕದಲ್ಲಿ 1989ರಲ್ಲಿ ಮಹಿಳಾ ಸಮಖ್ಯಾ ಶುರುವಾಯಿತು, ನಂತರ ನಮ್ಮ ರಾಯಚೂರಿಗೂ ಬಂತು. ಅದರ ಸಹಯೋಗಿನಿಯರು ಹಳ್ಳಿಗೆ ಬಂದಾಗ ಸಾಲವನ್ನಾಗಲಿ ಸೀರೆಯನ್ನಾಗಲಿ ತರಲಿಲ್ಲ. ಹೆಂಗಸರನ್ನು ಕೂರಿಸಿ ಅವರ ಬದುಕಿನ ಬಗ್ಗೆ ಅವರನ್ನೇ ಕೇಳಿದರು. ಯಾವುದನ್ನು ಮೊದಲು ಹಿಡಿಯಬೇಕು ಎಂಬುದನ್ನು ಸಂಘದವರೇ ತೀರ್ಮಾನಿಸಿದರು. ಮುಂದೆ ಅಂಥ ಸಂಘಗಳ ಹೆಂಗಸರೇ ನಾರಿ ಅದಾಲತ್ತುಗಳಲ್ಲಿ ಕೂತು ಹೊಡೆತ ತಿಂದವರ ಮಾತು ಕೇಳಿದರು. 2016ರಲ್ಲಿ ಕೇಂದ್ರದ ಆ ಯೋಜನೆ ನಿಂತುಹೋಯಿತು. ಯೋಜನೆ ನಿಂತರೇನು, ಕೇಳುವ ಬಾಯಿ ನಮ್ಮದೇ ಅಲ್ಲವೇ?

ಈಗ ಪಾಮನಕಲ್ಲೂರಿನ ಸುತ್ತಲಿನ ಯಾವುದಾದರೂ ಒಂದು ಸಂಘವನ್ನು ಕಣ್ಣ ಮುಂದೆ ತಂದುಕೊಳ್ಳಿ. ಇದು ಒಂದು ಸಂಘದಲ್ಲಿ ನಡೆದ ಕಥೆಯಲ್ಲ, ಎಲ್ಲ ಸಂಘದಲ್ಲೂ ನಡೆಯುವುದು. ಒಬ್ಬಾಕೆ ಎದ್ದು, "ನಲವತ್ತು ಸಾವಿರ ಸಾಲ ಬೇಕವ್ವಾ, ಮಗಳ ಮದುವಿ ಐತಿ" ಎನ್ನುತ್ತಾಳೆ. ಪುಸ್ತಕದಲ್ಲಿ ಏನು ಬರೆಯುತ್ತೇವೆ? ಕುರಿ ಸಾಕಾಣಿಕೆ, ಇಲ್ಲವೇ ಮನೆ ಖರ್ಚು. ಅದು ವರದಕ್ಷಿಣೆ ಎಂದು ಚಾಪೆಯ ಮೇಲೆ ಕೂತ ಎಲ್ಲರಿಗೂ ಗೊತ್ತು. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ ಎಂದು 1961ರ ಕಾಯಿದೆ ಹೇಳುತ್ತದೆಂಬುದೂ ಗೊತ್ತು. ನಾವು ಬಿಸಿಲಲ್ಲಿ ನಾಟಿ ಮಾಡಿ, ಹತ್ತಿ ಬಿಡಿಸಿ ಕೂಡಿಟ್ಟ ಹಣ ನಮ್ಮದೇ ಮಗಳನ್ನು ಮಾರುಕಟ್ಟೆಯ ಸರಕು ಮಾಡಲು ಹೋಗುತ್ತದೆ. ನಾವು ಸಹಿ ಹಾಕುತ್ತೇವೆ.

ಇಲ್ಲಿ ಇಬ್ಬರು ಬುದ್ಧಿ ಹೇಳುತ್ತಾರೆ. "ಕೊಡಬ್ಯಾಡ, ತಪ್ಪು" ಎಂದು ಒಬ್ಬಳು. "ಕೊಟ್ಟು ಬಿಡು, ಊರ ರಿವಾಜು" ಎಂದು ಇನ್ನೊಬ್ಬಳು. ಇಬ್ಬರಿಂದಲೂ ಆಕೆಗೆ ಉಪಯೋಗವಿಲ್ಲ. ಸಾಲ ಇಲ್ಲವೆಂದರೆ ಆಕೆ ಬಡ್ಡಿಯವನ ಮನೆಗೆ ಹೋಗುತ್ತಾಳೆ, ಅಷ್ಟೇ.

ಬುದ್ಧಿ ಬಿಟ್ಟು ಪ್ರಶ್ನೆ ಕೇಳಿದರೆ? "ಇಷ್ಟು ಬೇಕಂತ ಬಾಯಿಬಿಟ್ಟು ಕೇಳಿದವರು ಯಾರು?" "ಹುಡುಗಿಗೆ ಹದಿನೆಂಟು ತುಂಬೇತೇನು?" "ಆಕಿನ್ನ ಕೇಳಿಯೇನು?" "ದೀಪಾವಳಿಗೆ ಮತ್ತ ಗಾಡಿ ಕೇಳಿದರ ಏನು ಮಾಡ್ತಿ?" "ಈ ಕಂತು ಕಟ್ಟೋರು ಯಾರು, ನೀನಾ ನಿನ್ನ ಗಂಡನಾ?" "ಇದೇ ರೊಕ್ಕ ಹುಡುಗಿ ಹೆಸರಲ್ಲಿ ಬ್ಯಾಂಕಿನಾಗ ಇಟ್ಟರ ಹೆಂಗ?"

ಆಗ ಮೂಲೆಯಲ್ಲಿ ಕೂತ ಹಿರಿಯಳೊಬ್ಬಳು ಬಾಯಿ ತೆರೆಯಬಹುದು: "ನಾನೂ ನನ್ನ ಮಗನಿಗೆ ತಗೊಂಡೀನವ್ವಾ. ಈಗ ಸೊಸಿ ನನ್ನ ಮುಖ ನೋಡಂಗಿಲ್ಲ." ಇಂಥ ಒಂದು ಮಾತು ನೂರು ತರಬೇತಿಗೆ ಸಮ. ಯಾಕೆಂದರೆ ಕೊಟ್ಟವರೂ ನಾವೇ, ತೆಗೆದುಕೊಂಡವರೂ ನಾವೇ. ಅದನ್ನು ಒಬ್ಬರ ಮುಂದೆ ಒಬ್ಬರು ಒಪ್ಪಿಕೊಂಡ ದಿನ ಸಂಘ ಹುಟ್ಟುತ್ತದೆ.

ಕೊನೆಗೆ ಆಕೆಯನ್ನೇ ಕೇಳಬೇಕು: "ಬರುವ ವಾರದೊಳಗೆ ನೀನು ಏನು ಮಾಡ್ತಿ?" ಮೊದಲು ಮಗಳನ್ನು ಕೇಳುತ್ತೇನೆ ಎನ್ನಬಹುದು. ಇಬ್ಬರನ್ನು ಜೊತೆ ಮಾಡಿಕೊಂಡು ಗಂಡಿನ ಮನೆಗೆ ಹೋಗಿ, ಹಣ ಕೊಡುವುದಿಲ್ಲ, ಮಗಳಿಗೆ ಪ್ರೀತಿಯಿಂದ ಕೊಡುವುದನ್ನು ಪಟ್ಟಿ ಬರೆದು ಸಹಿ ಮಾಡೋಣ ಎನ್ನಬಹುದು. ಉಡುಗೊರೆಗಳ ಪಟ್ಟಿ ಬರೆದಿಡಬೇಕೆಂದು 1985ರ ನಿಯಮವೇ ಇದೆ. ಮುಂದಿನ ವಾರ ಆಕೆ ಏನು ಸುದ್ದಿ ತರುತ್ತಾಳೋ ಯಾರು ಬಲ್ಲರು? ಒಪ್ಪಿರಬಹುದು, ಸಂಬಂಧ ಮುರಿದಿರಬಹುದು, ಗಂಡ ಜಗಳ ತೆಗೆದಿರಬಹುದು. ಏನೇ ಆಗಲಿ, ಅದನ್ನು ಅದೇ ಚಾಪೆಯ ಮೇಲೆ ಹೇಳಬೇಕು. ಎಲ್ಲಿ ಎಡವಿದೆವು, ಮುಂದೇನು ಎಂದು ಎಲ್ಲರೂ ಮತ್ತೆ ಕೇಳಬೇಕು. ಈ ಮರುವಾರದ ಮಾತೇ ಮುಖ್ಯ. ಅದಿಲ್ಲದಿದ್ದರೆ ನಾವು ಕೇಳಿದ್ದೆಲ್ಲ ಹರಟೆ.

ಇದಕ್ಕೆ ಬೇಕಾದದ್ದು ಹೆಚ್ಚೇನಿಲ್ಲ. ಹಣದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ. ಒಂದು ವಾರಕ್ಕೆ ಒಬ್ಬಳ ಒಂದೇ ವಿಷಯ. ಸಂಘದಲ್ಲಿ ಇಪ್ಪತ್ತು ಮಂದಿ ಇದ್ದರೆ ಮೂರು ಗುಂಪಾಗಿ ಕೂರೋಣ, ಆರೇಳು ಮಂದಿಯ ನಡುವೆ ಬಾಯಿ ಸುಲಭವಾಗಿ ಬಿಡುತ್ತದೆ. ಯಾರಾದರೂ "ನೀನು ಹಿಂಗ ಮಾಡು" ಎಂದ ಕೂಡಲೇ ತಡೆದು, "ಅದನ್ನೇ ಪ್ರಶ್ನೆ ಮಾಡಿ ಕೇಳು" ಎನ್ನುವುದಕ್ಕೆ ಒಬ್ಬಳನ್ನು ಸರದಿಯಂತೆ ನೇಮಿಸೋಣ. ಅಧ್ಯಕ್ಷೆಯೇ ಆಗಬೇಕೆಂದಿಲ್ಲ. ಓದು ಬಾರದವಳೂ ಇದನ್ನು ಚೆನ್ನಾಗಿ ಮಾಡಬಲ್ಲಳು.

ಎರಡು ಎಚ್ಚರ ಮಾತ್ರ ಬೇಕು. ಒಂದು, ಚಾಪೆಯ ಮಾತು ಬಾವಿಕಟ್ಟೆಗೆ ಹೋಗಬಾರದು. ಹೋದರೆ ಅದರ ಏಟು ಬೀಳುವುದು ಅವಳ ಬೆನ್ನಿಗೆ. ಅವಳು ಒಪ್ಪದೆ ನಾವು ಅವಳ ಗಂಡನ ಮುಂದೆ ನಿಲ್ಲಲೂಬಾರದು. ಎರಡು, ಜೀವಕ್ಕೆ ಅಪಾಯವಿದ್ದಾಗ ಪ್ರಶ್ನೆ ಕೇಳುತ್ತ ಕೂರಬಾರದು. ಸೀಮೆಎಣ್ಣೆ ಸುರಿಯುತ್ತೇನೆ ಎಂದವನ ವಿಷಯ ಮುಂದಿನ ವಾರಕ್ಕೆ ಕಾಯುವುದಿಲ್ಲ. 112ಕ್ಕೆ ಪೊಲೀಸರಿಗೆ, 181ಕ್ಕೆ ಮಹಿಳಾ ಸಹಾಯವಾಣಿಗೆ ಫೋನು ಮಾಡಬೇಕು. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ ಪ್ರಕಾರ ರಕ್ಷಣೆ ಕೊಡಿಸಲು ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಹೆಣ್ಣುಮಕ್ಕಳಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರ ನೆರವೂ ಇದೆ. ಹೇಳಿಸಿಕೊಂಡು ಕಲಿಯಬೇಕಾದ ಪಾಲು ಎಂದರೆ ಇದು. ಪ್ರತಿ ಸದಸ್ಯೆಗೂ ಇದು ಬಾಯಿಪಾಠ ಇರಬೇಕು.

"ಉಳಿತಾಯದ ಸಂಘಕ್ಕೆ ಮನೆಯ ಉಸಾಬರಿ ಯಾಕೆ? ಗಂಡಸರು ಸಭೆಗೆ ಕಳಿಸುವುದನ್ನೇ ನಿಲ್ಲಿಸಿದರೆ?" ಎಂದು ಕೆಲವರು ಕೇಳುತ್ತಾರೆ. ಈ ಭಯ ಸುಳ್ಳಲ್ಲ. ಆದರೆ ಮನೆಯ ಉಸಾಬರಿ ಆಗಲೇ ನಮ್ಮ ಸಾಲದ ಪುಸ್ತಕದೊಳಗೆ ಬಂದು ಕೂತಿದೆ. ಕುಡಿದು ಬಂದವನು ಕಂತಿನ ಹಣ ಕಿತ್ತುಕೊಂಡರೆ ಸುಸ್ತಿದಾರಳಾಗುವವಳು ಹೆಂಡತಿ. ನಾವು ಕೇಳದೆ ಇದ್ದರೂ ಸಂಘ ಒಡೆಯುತ್ತದೆ, ಕೇಳಿದರೆ ಉಳಿಯುವ ಅವಕಾಶವಾದರೂ ಇದೆ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದ ಸಾವಿರಾರು ಹೆಂಗಸರು ಮನೆಯೊಳಗಿನ ಏಟನ್ನೇ ಹೆದ್ದಾರಿಗೆ ತಂದು ತೋರಿಸಿದ್ದರು.

5ಎ ನಾಲೆಯ ನೀರಿಗಾಗಿ 2020ರ ಕೊನೆಯಲ್ಲಿ ಶುರುವಾದ ಧರಣಿ ಪಾಮನಕಲ್ಲೂರಿನವರಿಗೆ ನೆನಪಿದೆ. ತಿಂಗಳುಗಟ್ಟಲೆ ಜನ ಕೂತರು. ಹೊಲಕ್ಕೆ ನೀರಿಲ್ಲವೆಂಬುದು ಇಡೀ ಸೀಮೆಯ ಸಂಕಟ. ಹೆಣ್ಣಿನ ಕಣ್ಣೀರು ಮಾತ್ರ ಆಯಾ ಮನೆಯ ಗುಟ್ಟು ಯಾಕಾಗಬೇಕು?

ಬರುವ ವಾರ ಸಭೆಯಲ್ಲಿ ಲೆಕ್ಕ ಮುಗಿದ ಮೇಲೆ ಏಳಬೇಡಿ. ಕಂತು ತಾರದವಳ ಪಕ್ಕದಲ್ಲಿ ಹೋಗಿ ಕೂರಿ. ಬುದ್ಧಿ ಹೇಳಬೇಡಿ. "ಏನಾತವ್ವಾ?" ಎಂದು ಕೇಳಿ, ಸುಮ್ಮನಿರಿ. ಅವಳು ಮಾತಾಡುವ ತನಕ ಸುಮ್ಮನಿರಿ.