ಮುದುಕರ ತಾಟಿನ ಬೇಳೆ

2021ರ ಡಿಸೆಂಬರ್‌ನಲ್ಲಿ ಬೀದರ್ ಸೇರಿದಂತೆ ಈ ಭಾಗದ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರು ಸಿಟ್ಟಾದರು. ಮೊಟ್ಟೆ ಬೇಕೆಂದು ಮಕ್ಕಳೇ ಅವರಿಗೆ ಎದುರು ಮಾತಾಡಿದರು. ಒಲ್ಲದವರಿಗೆ ಬಾಳೆಹಣ್ಣು ಎಂದಾಯಿತು. ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಬಾಳೆಹಣ್ಣಿನಲ್ಲಿ 1 ಗ್ರಾಂ. ಹಿಡಿ ಶೇಂಗಾ ಕೊಡುತ್ತೇವೆ ಎಂದಿದ್ದರೆ ಲೆಕ್ಕವಾದರೂ ಸರಿಹೋಗುತ್ತಿತ್ತು. ಇಷ್ಟೆಲ್ಲ ಗದ್ದಲದ ನಡುವೆ ಆ ಮಕ್ಕಳ ಅಜ್ಜ-ಅಜ್ಜಿಯರ ತಾಟಿನಲ್ಲಿ ಏನಿದೆ ಎಂಬ ಮಾತನ್ನು ಮಾತ್ರ ಯಾರೂ ಎತ್ತಲೇ ಇಲ್ಲ.

ಭಾಲ್ಕಿ, ಔರಾದ ಕಡೆಯಿಂದ ಬಂದು ಬೀದರ್ ನಗರದ ನೌಬಾದದಲ್ಲಿ ನೆಲೆ ನಿಂತ ಶಾಕಾಹಾರಿ ಮನೆಗಳಲ್ಲಿ ಹಿರಿಯರ ಊಟ ನೋಡಿ. ಜೋಳದ ರೊಟ್ಟಿ ಮುರಿದು ತಿಳಿಸಾರಿನಲ್ಲಿ ಹಾಕಿ, ಹಲ್ಲಿಲ್ಲದ ಬಾಯಿಗೆ ಒಗ್ಗುವಷ್ಟು ನೆನೆಯಲೆಂದು ಕೂರುತ್ತಾರೆ. ಸೊಸೆ ಸೌಟನ್ನು ತಳಕ್ಕೆ ಬಿಟ್ಟು ಗಟ್ಟಿ ಬೇಳೆ ಎತ್ತಿದರೆ, "ನನಗ ಬ್ಯಾಡವ್ವಾ, ವಾಯು ಆಗ್ತದ, ಹುಡುಗರಿಗೆ ಹಾಕು" ಎಂದು ಕೈ ಅಡ್ಡ ಹಿಡಿಯುತ್ತಾರೆ.

ವಯಸ್ಸಾದವರಿಗೆ ಕಡಿಮೆ ಊಟ ಸಾಕು ಎಂಬುದು ಅರ್ಧ ನಿಜ. ಓಡಾಟ ತಗ್ಗಿದಂತೆ ಶಕ್ತಿಯ ಬೇಡಿಕೆ ತಗ್ಗುತ್ತದೆ, ಪ್ರೋಟೀನಿನ ಬೇಡಿಕೆ ತಗ್ಗುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ದೇಹತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ. ಒಂದೇ ಪ್ರಮಾಣದ ಪ್ರೋಟೀನಿನಿಂದ ಹರೆಯದ ಸ್ನಾಯು ಕಟ್ಟಿಕೊಳ್ಳುವಷ್ಟನ್ನು ಮುಪ್ಪಿನ ಸ್ನಾಯು ಕಟ್ಟಿಕೊಳ್ಳಲಾರದು. ಅದಕ್ಕೇ 2013ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕೆಂದಿತು. 55 ಕಿಲೋ ತೂಗುವ ಅಜ್ಜಿಗೆ ಕನಿಷ್ಠ 55 ಗ್ರಾಂ ಆಯಿತು. ನೂರು ಗ್ರಾಂ ಹಿಟ್ಟಿನ ರೊಟ್ಟಿಗಳಿಂದ 10, ಹಿಡಿ ಅಕ್ಕಿಯ ಅನ್ನದಿಂದ 4, ತಿಳಿಸಾರಿನಿಂದ ಮೂರೋ ನಾಲ್ಕೋ, ಚಹಾದ ಹಾಲಿನಿಂದ 3. ಇಪ್ಪತ್ತೊಂದಕ್ಕೇ ನಿಂತಿತು.

ಹಾಗಾದರೆ ಮಾಂಸ ತಿನ್ನಬೇಕೇ? ಬೇಕಿಲ್ಲ. ಆದರೆ "ನಮ್ಮ ರೊಟ್ಟಿಯಲ್ಲೇ ಎಲ್ಲ ಅದ" ಎಂಬ ಹೆಮ್ಮೆಯನ್ನೂ ನಾನು ಒಪ್ಪಲಾರೆ. ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವ ಲ್ಯೂಸಿನ್ ಜೋಳದಲ್ಲಿ ಧಾರಾಳ, ಆದರೆ ಪ್ರೋಟೀನಿನ ಇನ್ನೊಂದು ಅಂಶವಾದ ಲೈಸಿನ್ ಕಡಿಮೆ. ಸಾಲದ್ದಕ್ಕೆ ಜೋಳದ ಪ್ರೋಟೀನ್ ಬೆಂದ ಮೇಲೆ ಅರಗುವುದು ಕಡಿಮೆ. ಬೇಳೆಯಲ್ಲಿ ಲೈಸಿನ್ ಹೇರಳ. ರೊಟ್ಟಿಯ ಕೊರತೆ ತುಂಬುವುದು ಬೇಳೆಯೇ, ಅದೂ ಗಟ್ಟಿಯಾಗಿದ್ದಾಗ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಉಣ್ಣುವ ಭಜ್ಜಿಯಲ್ಲಿ ಹಸಿ ತೊಗರಿ, ಕಡಲೆ, ಅವರೆ, ಬಟಾಣಿ, ಸೊಪ್ಪು ಎಲ್ಲ ಒಟ್ಟಿಗೇ ಬೇಯುತ್ತವೆ. ಜೊತೆಗೆ ಸಜ್ಜೆ ರೊಟ್ಟಿ. ಅಂದು ಎರಡು ಸಲ ಹಾಕಿಸಿಕೊಂಡು ಉಂಡ ಅಜ್ಜನೇ ಮರುದಿನದಿಂದ ಬೇಳೆಗೆ ಹೆದರುತ್ತಾನೆ.

ವಾಯುವಿನ ದೂರು ಸುಳ್ಳಲ್ಲ. ಕಾಳು ರಾತ್ರಿ ನೆನೆಹಾಕಿ ಆ ನೀರು ಚೆಲ್ಲಿದರೆ ಬಹಳಷ್ಟು ತಗ್ಗುತ್ತದೆ. ಹೆಸರುಬೇಳೆ ಹಗುರ, ಕಡಲೆಹಿಟ್ಟಿನ ಜುಣಕಕ್ಕೆ ಹಲ್ಲು ಬೇಡ. ಅರವತ್ತು ಗ್ರಾಂ ಬೇಳೆ, ಒಂದು ಹಿಡಿ ಶೇಂಗಾ ಚಟ್ನಿಪುಡಿ, ಒಂದು ಲೋಟ ಮೊಸರು ಸೇರಿದರೆ ಕೊರತೆಯ ಮುಕ್ಕಾಲು ಪಾಲು ತುಂಬಿತು. ಉಳಿದದ್ದಕ್ಕೆ ಸೋಯಾ ಇದೆ. ರಾಜ್ಯದಲ್ಲಿ ಸೋಯಾ ಬೆಳೆಯುವುದರಲ್ಲಿ ಬೀದರ್ ಮುಂದು. ಆದರೆ ರಾಶಿಯಾದ ಸೋಯಾ ನೇರ ಮಾರುಕಟ್ಟೆಗೆ, ಅಲ್ಲಿಂದ ಎಣ್ಣೆ ಗಿರಣಿಗೆ. ಎಣ್ಣೆ ತೆಗೆದ ಹಿಂಡಿ ಕೋಳಿಗಳ ಪಾಲು. ಅದೇ ಹಿಂಡಿಯ ಹಿಟ್ಟಿನಿಂದಾದ ಸೋಯಾ ವಡಿಯಲ್ಲಿ ತೂಕದ ಅರ್ಧದಷ್ಟು ಪ್ರೋಟೀನ್. ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ, ನೆನೆಸಿ ಹೆಚ್ಚಿದರೆ ಮೆತ್ತಗಾಗುತ್ತದೆ. ಮಾಂಸದ ಹಾಗಿದೆ ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೆ ರೊಟ್ಟಿ ಹಿಟ್ಟಿನಲ್ಲೇ ಸ್ವಲ್ಪ ಸೋಯಾ ಹಿಟ್ಟು ಬೆರೆಸಬಹುದು.

ಮೂತ್ರಪಿಂಡದ ತೊಂದರೆ ಇದ್ದವರಿಗೆ ಈ ಲೆಕ್ಕ ಸಲ್ಲದು, ಅವರು ವೈದ್ಯರ ಮಾತು ಕೇಳಬೇಕು. ಇನ್ನೊಂದು ಸಂಗತಿ: ಹೊಲ ಬಿಟ್ಟು ಪೇಟೆಗೆ ಬಂದ ಹಿರಿಯರಿಗೆ ಬಗ್ಗುವ, ಎತ್ತುವ ಕೆಲಸವೇ ಇಲ್ಲದಂತಾಗಿದೆ. ದುಡಿಮೆ ಇಲ್ಲದ ಸ್ನಾಯು ಎಷ್ಟು ಬೇಳೆ ಉಂಡರೂ ಕರಗುತ್ತದೆ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದನ್ನು ಊಟದಷ್ಟೇ ನಿತ್ಯದ ರೂಢಿ ಮಾಡಿಕೊಳ್ಳಬೇಕು. "ನೀವು ಕೂಡ್ರಿ, ನಾವ್ ಮಾಡ್ತೀವಿ" ಎನ್ನುವ ಮಕ್ಕಳು ನೀರಿನ ಕೊಡವೊಂದನ್ನು ಅವರಿಗೇ ಬಿಟ್ಟರೂ ಆದೀತು.